ಗುಂಟೆ ಲೆಕ್ಕದ ಜಮೀನು, ಎಕರೆ ಲೆಕ್ಕದ ಕಾಯ್ದೆ

ಹುಬ್ಬಳ್ಳಿಯಿಂದ ಕಾರವಾರ ರಸ್ತೆ ಹಿಡಿದು ಕಲಘಟಗಿಯತ್ತ ಹೊರಟರೆ, ಎರೆ ಹೊಲ ಮುಗಿದು ಕೆಂಪು ನೆಲ ಶುರುವಾಗುವ ಕಡೆ ಹೊಲಗಳಲ್ಲಿ ಎರಡು ಬಗೆಯ ಕಲ್ಲು ಕಾಣುತ್ತವೆ. ಒಂದು, ಬದುವಿನ ಮೂಲೆಯಲ್ಲಿ ಅರ್ಧ ಹೂತುಹೋದ ಹಳೆಯ ಸರ್ವೇ ಕಲ್ಲು. ಇನ್ನೊಂದು, ಸುಣ್ಣ ಬಳಿದು ಕೆಂಪು ಬಣ್ಣದಲ್ಲಿ ನಂಬರು ಬರೆದ ಗೇಣುದ್ದದ ಹೊಸ ಕಲ್ಲು. ಮೊದಲನೆಯದು ಸರ್ಕಾರದ ನಕಾಶೆಯಲ್ಲಿದೆ. ಎರಡನೆಯದು ದಲಾಲಿಯ ಮೊಬೈಲಿನಲ್ಲಿ ಮಾತ್ರ ಇದೆ. ಧಾರವಾಡ ಜಿಲ್ಲೆಯ ಗ್ರಾಮೀಣ ತಾಲ್ಲೂಕುಗಳಲ್ಲಿ ಸಣ್ಣ ಜಾಗದ ಮೇಲೆ ಮನೆ ಕಟ್ಟುವ ಪ್ರಶ್ನೆ ಈ ಎರಡು ಕಲ್ಲುಗಳ ನಡುವಿನ ತಕರಾರು.

ಹೊಸ ಕಲ್ಲಿನ ಗಿರಾಕಿ ಸಾಮಾನ್ಯವಾಗಿ ಹುಬ್ಬಳ್ಳಿ-ಧಾರವಾಡ ಅವಳಿ ನಗರದವನು. ವ್ಯಾಪಾರಿ, ನೌಕರ, ಬೆಂಗಳೂರಿನಲ್ಲಿ ಕೆಲಸಕ್ಕಿದ್ದು ಊರ ಕಡೆ ಒಂದು ತುಂಡು ನೆಲ ಇರಲಿ ಎನ್ನುವ ಮಗ. ಅವನಿಗೆ ಬೇಕಾದದ್ದು ವರ್ಷಪೂರ್ತಿ ಇರುವ ಮನೆಯಲ್ಲ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನಾಲ್ಕಾರು ಶನಿವಾರ, ಸೀಗಿ ಹುಣ್ಣಿಮೆ, ಎಳ್ಳಮಾವಾಸ್ಯೆಗೆ ಚರಗ ಚೆಲ್ಲಿ ಕೂತು ಉಣ್ಣಲು ಸ್ವಂತದ್ದೊಂದು ಹೊಲ. ಮೊದಲೆಲ್ಲ ಇದಕ್ಕೆ ಬೀಗರ ಹೊಲವೋ ಪರಿಚಯದ ರೈತರ ಹೊಲವೋ ಆಗುತ್ತಿತ್ತು, ಯಾರೂ ಉತಾರ ಕೇಳುತ್ತಿರಲಿಲ್ಲ. ಈಗ ಅದೇ ಆಸೆ ಐದು ಗುಂಟೆ, ಹತ್ತು ಗುಂಟೆಯ ‘ಫಾರ್ಮ್ ಪ್ಲಾಟ್’ ಆಗಿ ಮಾರಾಟಕ್ಕಿದೆ. ಜಾಹೀರಾತಿನ ಚಿತ್ರದಲ್ಲಿ ಹಂಚಿನ ಮನೆ, ಮುಂದೆ ಮಾವಿನ ಗಿಡ, ಪಕ್ಕದಲ್ಲಿ ಈಜುಕೊಳ. ಚಿತ್ರದ ಕೆಳಗೆ ಸಣ್ಣಕ್ಷರದಲ್ಲಿ ಸರ್ವೇ ನಂಬರು ಇದ್ದರೆ ಇರುತ್ತದೆ.

ಲೆಕ್ಕದಿಂದ ಶುರು ಮಾಡೋಣ. ಒಂದು ಎಕರೆಗೆ 40 ಗುಂಟೆ. ಒಂದು ಗುಂಟೆಗೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1,089 ಚದರಡಿ. ಪೇಟೆಯಲ್ಲಿ ಎಲ್ಲರ ಬಾಯಲ್ಲಿರುವ ‘ತರ್ಟಿ ಫಾರ್ಟಿ’ ಸೈಟು 1,200 ಚದರಡಿ. ಒಂದು ಪೂರ್ತಿ ಗುಂಟೆ ಅದರ ಅಳತೆಗೂ ಮುಟ್ಟುವುದಿಲ್ಲ. ಇನ್ನು ಕೃಷಿ ಜಮೀನಿನಲ್ಲಿ ಪರಿವರ್ತನೆ ಇಲ್ಲದೆ ಏನು ಕಟ್ಟಬಹುದು ಎಂಬುದಕ್ಕೆ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಲ್ಲಿ ಉತ್ತರವಿದೆ: ಒಕ್ಕಲುತನಕ್ಕೆ ಸಂಬಂಧಿಸಿದ ಕಟ್ಟಡ, ಬಾವಿ, ರೈತ ಮತ್ತು ಅವನ ಕುಟುಂಬ ಇರಲು ತೋಟದ ಮನೆ. ಆ ಮನೆಯೂ ಹಿಡುವಳಿಯ ಶೇ 10ನ್ನು ಮೀರುವಂತಿಲ್ಲ. ಒಂದು ಎಕರೆ ಇದ್ದವನಿಗೆ ನಾಲ್ಕು ಗುಂಟೆ, ಅಂದರೆ 4,356 ಚದರಡಿ ಸಿಗುತ್ತದೆ; ಅರಾಮಾಗಿ ಮನೆ, ದನದ ಕೊಟ್ಟಿಗೆ, ಕಣ ಎಲ್ಲ ಕೂರುತ್ತವೆ. ಐದು ಗುಂಟೆಯ ಫಾರ್ಮ್ ಪ್ಲಾಟಿಗೆ ಅದೇ ಲೆಕ್ಕ ಹಾಕಿದರೆ ಬರುವುದು ಅರ್ಧ ಗುಂಟೆ, 544 ಚದರಡಿ. ಅದೂ ಅಲ್ಲಿ ಬೆಳೆ ತೆಗೆಯುವವನಿಗೆ. ಜಾಹೀರಾತಿನ ಈಜುಕೊಳವೊಂದೇ ಅಷ್ಟು ಜಾಗ ತಿಂದೀತು.

ಸಣ್ಣ ತುಂಡಿನ ಬಗ್ಗೆ ಸರ್ಕಾರಕ್ಕೆ ಇರುವ ಸಿಟ್ಟು ಹಳೆಯದು. ಈ ಸೀಮೆ ಮುಂಬೈ ಪ್ರಾಂತದಲ್ಲಿದ್ದಾಗಲೇ, 1947ರಲ್ಲಿ, ಜಮೀನು ತುಂಡಾಗುವುದನ್ನು ತಡೆಯುವ ಮತ್ತು ಒಗ್ಗೂಡಿಸುವ ಕಾಯ್ದೆ ಬಂತು. ಮಣ್ಣು, ನೀರಾವರಿ ನೋಡಿ ಪ್ರತಿ ಸೀಮೆಗೆ ಒಂದು ಪ್ರಮಾಣ ಕ್ಷೇತ್ರ ಗೊತ್ತು ಮಾಡಿ, ಅದಕ್ಕಿಂತ ಸಣ್ಣದನ್ನು ‘ತುಕಡಾ’ ಎಂದು ದಾಖಲೆಯಲ್ಲಿ ಬರೆದರು. ತುಕಡಾ ಮಾರುವುದಾದರೆ ಬದುವಿಗೆ ಹೊಂದಿದ ನೆರೆಯವನಿಗೆ ಮಾತ್ರ ಮಾರಬೇಕು. ಹೊಸ ತುಕಡಾ ಹುಟ್ಟುವಂತೆ ವಾಟಣಿ ಮಾಡಿದರೆ ಅದು ಅನೂರ್ಜಿತ, ಮೇಲೆ 250 ರೂಪಾಯಿ ಮೀರದ ದಂಡ. ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಕುಂದಗೋಳ 1948ರಲ್ಲಿ ಮುಂಬೈ ಪ್ರಾಂತಕ್ಕೆ ಸೇರಿಕೊಂಡು ಈ ಕಾಯ್ದೆಯ ತೆಕ್ಕೆಗೆ ಬಂತು. ಏಕೀಕರಣದ ನಂತರ 1966ರಲ್ಲಿ ನಮ್ಮ ರಾಜ್ಯದ್ದೇ ಕಾಯ್ದೆ ಆಯಿತು. ಈಗ ಅದು ಚಾಲ್ತಿಯಲ್ಲಿಲ್ಲ. ಅದು ಸತ್ತದ್ದು ಯಾರಿಗೂ ಗೊತ್ತಾಗಲಿಲ್ಲ, ಏಕೆಂದರೆ ಬದುಕಿದ್ದಾಗಲೂ ಊರಿನವರು ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅಣ್ಣತಮ್ಮಂದಿರು ಬಾಯಿಮಾತಿನ ವಾಟಣಿ ಮಾಡಿಕೊಂಡು ನಡುವೆ ಬದು ಹಾಕಿ ಬಿತ್ತುತ್ತಿದ್ದರು. ಉತಾರದಲ್ಲಿ ಸತ್ತ ಅಜ್ಜನ ಹೆಸರೇ ಮುಂದುವರಿಯುತ್ತಿತ್ತು.

ಹಿಡುವಳಿ ಸಣ್ಣದಾಗುತ್ತ ಹೋದದ್ದಕ್ಕೆ ಕೃಷಿ ಗಣತಿಯೇ ಸಾಕ್ಷಿ. 1970-71ರಲ್ಲಿ ಕರ್ನಾಟಕದ ಸರಾಸರಿ ಹಿಡುವಳಿ 3.20 ಹೆಕ್ಟೇರ್, 2015-16ರ ಹೊತ್ತಿಗೆ 1.36 ಹೆಕ್ಟೇರ್. ಎಕರೆ ಲೆಕ್ಕದಲ್ಲಿ ಎಂಟಿದ್ದದ್ದು ಮೂರೂಕಾಲಕ್ಕೆ ಬಂತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕರ್ನಾಟಕದಲ್ಲಿ 1994ರಲ್ಲೂ ದೇಶಕ್ಕೆಲ್ಲ 2005ರಲ್ಲೂ ಬಂತು. ಆ ಪಾಲು ಅವರಿಗೆ ಸಿಗಲೇಬೇಕಾದದ್ದು. ಆದರೆ ಪಾಲು ಹೆಚ್ಚಿದಾಗ ನೆಲ ಹಿಗ್ಗುವುದಿಲ್ಲವಲ್ಲ. ನವಲಗುಂದದ ಎರೆಯಲ್ಲಿ ಎಂಟೆಕರೆಯ ಒಂದು ಹೊಲ ಎರಡು ತಲೆಮಾರಿನಲ್ಲಿ ಹನ್ನೆರಡು ಹಿಸ್ಸಾ ಆಗುವುದು ದೊಡ್ಡ ಸಂಗತಿಯೇನಲ್ಲ. ಅಂಥ ಹನ್ನೆರಡರಲ್ಲಿ ಒಬ್ಬಳಾದ ವಿಧವೆ ತನ್ನ ಪಾಲಿನ ಅಂಚಿನಲ್ಲಿ ಎರಡು ಕೋಣೆ ಕಟ್ಟಿಕೊಳ್ಳಬೇಕೆಂದರೆ ಅವಳಿಗೆ ಎದುರಾಗುವ ನಿಯಮ, ಕಲಘಟಗಿಯ ಹೊಲವನ್ನು ಎಂಬತ್ತು ತುಂಡು ಮಾಡಿ ಮಾರುವವನಿಗೆ ಎದುರಾಗುವ ನಿಯಮವೇ.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇದೇ. ಜಾಗ ಸಣ್ಣದಿದೆ ಎಂಬುದನ್ನು ನಮ್ಮ ಕಾಯ್ದೆಗಳು ಅಳೆಯುತ್ತವೆ; ಅದನ್ನು ಸಣ್ಣದು ಮಾಡಿದವರು ಯಾರು ಎಂದು ಕೇಳುವುದಿಲ್ಲ. ಕೇಳದೆ ಇರುವುದರಿಂದ ಕಟ್ಟುವ ಮೊದಲು ಎಲ್ಲರಿಗೂ ‘ಆಗಂಗಿಲ್ಲ’, ಕಟ್ಟಿದ ಮೇಲೆ ಎಲ್ಲರಿಗೂ ‘ರೊಕ್ಕ ಕಟ್ರಿ, ಸಕ್ರಮ ಮಾಡೋಣ’. ವಿಧವೆಗೆ ಮೊದಲ ಮಾತು ಕೇಳಿಸುತ್ತದೆ, ಪ್ಲಾಟು ಮಾಡುವವನಿಗೆ ಎರಡನೆಯದು.

ಹೊಲವೊಂದು ಮನೆ ಕಟ್ಟುವ ಜಾಗವಾಗಲು ಏನೇನು ಆಗಬೇಕು ನೋಡಿ. ‘ಎನ್‌ಎ ಆಗೇದೇನ್ರಿ?’ ಎಂಬುದು ಧಾರವಾಡದ ಕಡೆ ಪ್ಲಾಟು ನೋಡಲು ಹೋದವರು ಕೇಳುವ ಮೊದಲ ಪ್ರಶ್ನೆ. ಜಿಲ್ಲಾಧಿಕಾರಿಗಳಿಂದ ಕೃಷಿಯೇತರ ಪರಿವರ್ತನೆ ಆಗಬೇಕು. ನಾಲ್ಕು ತಿಂಗಳಲ್ಲಿ ತೀರ್ಮಾನ ಬರದಿದ್ದರೆ ಅನುಮತಿ ಸಿಕ್ಕಂತೆ ಎಂಬ ಮಾತು ಕಾಯ್ದೆಯಲ್ಲೇ ಇದೆ, ಆದರೆ ಅದನ್ನು ನಂಬಿ ಪಾಯ ತೋಡಿದವರು ಕಡಿಮೆ. ಪರಿವರ್ತನೆ ಆದ ಮೇಲೆ ವಿನ್ಯಾಸಕ್ಕೆ ಮಂಜೂರಾತಿ ಬೇಕು. ಅದಕ್ಕೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಅಡ್ಡ ನಿಂತಿದೆ. ರಸ್ತೆ ಸಾಮಾನ್ಯವಾಗಿ 9 ಮೀಟರ್ ಇರಬೇಕು, ಉದ್ಯಾನಕ್ಕೆ, ನಾಗರಿಕ ಸೌಲಭ್ಯಕ್ಕೆ ಜಾಗ ಬಿಡಬೇಕು. ನಮ್ಮ ಹೊಲಗಳಿಗೆ ಇರುವುದು ಬಂಡಿದಾರಿ. ಎರಡು ಎತ್ತು ಜೋಡಿ ಹೋದರೆ ಎದುರಿಗೆ ಬಂದವನು ಬದು ಹತ್ತಿ ನಿಲ್ಲಬೇಕು. ಎಕರೆಗಟ್ಟಲೆ ಇದ್ದವನು ರಸ್ತೆಗೆ ಜಾಗ ಬಿಟ್ಟೂ ಉಳಿಸಿಕೊಳ್ಳುತ್ತಾನೆ. ಮೂರು ಗುಂಟೆಯವನು 30 ಅಡಿ ರಸ್ತೆ ಬಿಟ್ಟರೆ ಮನೆಯನ್ನು ರಸ್ತೆಯಲ್ಲೇ ಕಟ್ಟಬೇಕು. ಗ್ರಾಮ ಪಂಚಾಯ್ತಿಯಲ್ಲಿ ಕಟ್ಟಡ ಪರವಾನಿಗೆಗೆ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣ. ಕೈಯಲ್ಲಿ ನಮೂನೆ 9 ಮತ್ತು 11-ಎ ಇದ್ದವನಿಗೆ ಬ್ಯಾಂಕು ಸಾಲ ಕೊಡುತ್ತದೆ; 11-ಬಿ ಇದ್ದವನಿಗೆ ತೆರಿಗೆ ಕಟ್ಟಿದ ರಸೀದಿ ಸಿಗುತ್ತದೆ, ಅಷ್ಟೇ. 2013ರಲ್ಲಿ ಪಂಚಾಯ್ತಿ ಆಸ್ತಿಗಳ ಇ-ಸ್ವತ್ತು ತಂತ್ರಾಂಶ ಬಂದ ಮೇಲೆ ಈ ಎರಡು ಕಾಗದಗಳ ನಡುವಿನ ಅಂತರ ಊರಿನ ಜಾತಿಗಳ ನಡುವಿನ ಅಂತರಕ್ಕಿಂತ ಖಚಿತವಾಗಿಬಿಟ್ಟಿದೆ.

ಇಷ್ಟೆಲ್ಲ ಬೇಡ ಎಂದವರು ಹಿಡಿದ ದಾರಿ ಜಂಟಿ ಖಾತೆ. ಒಂದು ಸರ್ವೇ ನಂಬರಿನಲ್ಲಿ ಇಪ್ಪತ್ತು ಜನರ ಹೆಸರು, ಪ್ರತಿಯೊಬ್ಬರ ಮುಂದೆ ಗುಂಟೆ-ಆಣೆ. ಪೋಡಿ ಆಗಿಲ್ಲ, ನಕಾಶೆಯಲ್ಲಿ ಗೆರೆ ಬಿದ್ದಿಲ್ಲ, ಕೆಜೆಪಿ (ಕಮ್ಮಿ-ಜಾಸ್ತಿ ಪತ್ರಿಕೆ) ಆಗಿಲ್ಲ. ‘ಉತಾರದಾಗ ಹೆಸರು ಬರ್ತದೇನ್ರಿ?’ ಎಂದು ಕೇಳಿದರೆ ‘ಬರ್ತದ್ರಿ, ಚಿಂತಿ ಮಾಡಬ್ಯಾಡ್ರಿ’ ಎಂಬ ಉತ್ತರ ನಿಜವೇ. ಹೆಸರು ಬರುತ್ತದೆ, ಜಾಗ ಬರುವುದಿಲ್ಲ. ತನ್ನ ಐದು ಗುಂಟೆ ಹಳ್ಳದ ಕಡೆಗಿದೆಯೋ ರಸ್ತೆಯ ಕಡೆಗಿದೆಯೋ ಎಂದು ಸರ್ಕಾರದ ಯಾವ ಕಾಗದವೂ ಹೇಳುವುದಿಲ್ಲ. ಹೇಳುವುದು ಆ ಸುಣ್ಣದ ಕಲ್ಲು.

ಈ ಕೊಳ್ಳುವಿಕೆಗೆ ಬಾಗಿಲು ತೆರೆದದ್ದು 2020. 1961ರ ಭೂ ಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಬಂದ ತಿದ್ದುಪಡಿಯ ನಂತರ ಕೃಷಿಕನಲ್ಲದವನು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. 79-ಎ ಮತ್ತು 79-ಬಿ ಕಲಮುಗಳು ಕಾವಲಿದ್ದವು. ಆದಾಯದ ಮಿತಿಯನ್ನು 2015ರಲ್ಲಿ 25 ಲಕ್ಷಕ್ಕೆ ಏರಿಸಿದರು, 2020ರಲ್ಲಿ ಕಲಮುಗಳನ್ನೇ ತೆಗೆದರು. ತೆಗೆಯುವಾಗ ಬಂಡವಾಳ ಹಳ್ಳಿಗೆ ಬರುತ್ತದೆ, ಕೃಷಿ ಆಧುನಿಕವಾಗುತ್ತದೆ ಎಂದರು. ರೈತ ಸಂಘಟನೆಗಳು ದೊಡ್ಡ ಕಂಪನಿಗಳು ನೂರಾರು ಎಕರೆ ನುಂಗುತ್ತವೆ ಎಂದು ಬೀದಿಗಿಳಿದವು. ನೂರೆಕರೆಯ ಬಗ್ಗೆ ಇಬ್ಬರೂ ಮಾತಾಡಿದರು, ಐದು ಗುಂಟೆಯ ಬಗ್ಗೆ ಯಾರೂ ಆಡಲಿಲ್ಲ. ಕೊಳ್ಳುವವನು ರೈತನಾಗಿರಬೇಕಿಲ್ಲ ಎಂದಾದ ಮೇಲೆ ಕೊಂಡದ್ದು ಹೊಲವಾಗಿ ಉಳಿಯಬೇಕೆಂಬ ಒತ್ತಡವೂ ಸಡಿಲಾಯಿತು.

ಹೊರಗಿನವರು ಇದನ್ನು ಹೇಗೆ ಸಂಭಾಳಿಸುತ್ತಾರೆ? ಅಮೆರಿಕ, ಕೆನಡಾಗಳಲ್ಲಿ ಕೆರೆ-ನದಿ ದಂಡೆಯ ಬೇಸಿಗೆ ಮನೆಗಳು ನೂರು ವರ್ಷದ ಹಳೆಯ ರೂಢಿ. ವಲಯ ನಿಯಮಗಳು ಬರುವುದಕ್ಕೆ ಮೊದಲೇ ಅಲ್ಲಿ ಸಣ್ಣ ಸಣ್ಣ ತುಂಡು ಮಾರಿ ಆಗಿತ್ತು. ನಿಯಮ ಬಂದ ಮೇಲೆ ಅವೆಲ್ಲ ಅಳತೆಗಿಂತ ಕಡಿಮೆಯವಾದವು. ಅಂಥವರಿಗಾಗಿ ಒಂದು ಕಿಟಕಿ ಇಟ್ಟರು: ಕಟ್ಟುವ ಮೊದಲು ಸ್ಥಳೀಯ ಸಮಿತಿಯ ಮುಂದೆ ಅರ್ಜಿ, ಅಕ್ಕಪಕ್ಕದವರಿಗೆ ನೋಟಿಸು, ಬಹಿರಂಗ ವಿಚಾರಣೆ, ಕಾರಣ ಬರೆದ ಆದೇಶ. ಕೆನಡಾದ ಒಂಟಾರಿಯೊ ಪ್ರಾಂತದ ಯೋಜನಾ ಕಾಯ್ದೆಯ 45ನೇ ಕಲಮಿನ ಪ್ರಕಾರ ಕೇಳಿದ ವಿನಾಯಿತಿ ಸಣ್ಣದಿರಬೇಕು, ಆ ಜಾಗಕ್ಕೆ ಒಪ್ಪುವಂತಿರಬೇಕು, ವಲಯ ನಿಯಮದ ಮತ್ತು ಮಹಾಯೋಜನೆಯ ಉದ್ದೇಶ ಎರಡೂ ಉಳಿಯಬೇಕು. ಅಮೆರಿಕದ ಹಲವು ರಾಜ್ಯಗಳಲ್ಲಿ ಇನ್ನೊಂದು ಪ್ರಶ್ನೆಗೂ ತೂಕವಿದೆ: ನಿನ್ನ ತೊಂದರೆ ನೀನೇ ತಂದುಕೊಂಡದ್ದೇ? ದೊಡ್ಡ ಜಾಗವನ್ನು ತಾನೇ ತುಂಡು ಮಾಡಿ, ಆಮೇಲೆ ‘ನೋಡಿ, ತುಂಡು ಸಣ್ಣದಾಯಿತು’ ಎಂದು ಅಳುವವನಿಗೆ ಅಲ್ಲಿ ಕಿವಿ ಕೊಡುವವರು ಕಡಿಮೆ.

ಈ ವ್ಯವಸ್ಥೆಯ ಮೊನಚು ಎಷ್ಟು ಎಂಬುದಕ್ಕೆ ವಿಸ್ಕಾನ್ಸಿನ್ ರಾಜ್ಯದ ಒಂದು ಪ್ರಕರಣ ನೋಡಬೇಕು. ಸೇಂಟ್ ಕ್ರೊಯಿ ನದಿಯ ದಂಡೆಯಲ್ಲಿ ಮರ್ ಎಂಬ ಕುಟುಂಬದ ಹಿರಿಯರು 1960ರಲ್ಲಿ ಒಂದು, 1963ರಲ್ಲಿ ಅದಕ್ಕೆ ಹೊಂದಿದ ಇನ್ನೊಂದು ಜಾಗ ಕೊಂಡರು. ಒಂದೊಂದೂ ಸುಮಾರು ಒಂದೂಕಾಲು ಎಕರೆ. ನಮ್ಮ ಕಣ್ಣಿಗೆ ಅದು ಸಣ್ಣ ಜಾಗವೇ ಅಲ್ಲ! ಆದರೆ ಕಡಿದಾದ ದಂಡೆ ಬಿಟ್ಟರೆ ಕಟ್ಟಲು ಯೋಗ್ಯವಾದದ್ದು ಎರಡೂ ಸೇರಿ ಒಂದು ಎಕರೆಗೂ ಕಡಿಮೆ. ನಿಯಮ ಕೇಳುತ್ತಿದ್ದದ್ದು ಒಂದೊಂದಕ್ಕೂ ಒಂದು ಎಕರೆ. 1976ಕ್ಕೆ ಮೊದಲಿನಿಂದ ಬೇರೆ ಬೇರೆ ಒಡೆತನದಲ್ಲಿದ್ದ ಸಣ್ಣ ಜಾಗಗಳಿಗೆ ಮಾಫಿ ಇತ್ತು. ಇವರ ಎರಡು ಜಾಗಗಳು ತೊಂಬತ್ತರ ದಶಕದಲ್ಲಿ ಮಕ್ಕಳ ಹೆಸರಿಗೆ ಬಂದು ಒಂದೇ ಒಡೆತನಕ್ಕೆ ಸೇರಿದ್ದರಿಂದ ಅವೆರಡೂ ಒಂದೇ ಎಂದಾಯಿತು, ಒಂದನ್ನು ಮಾತ್ರ ಮಾರುವ ದಾರಿ ಮುಚ್ಚಿತು. ಕುಟುಂಬ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2017ರ ಜೂನ್‌ನಲ್ಲಿ 5-3ರ ತೀರ್ಪು ಸರ್ಕಾರದ ಪರ ಬಂತು. ಅದೇ ವರ್ಷ ವಿಸ್ಕಾನ್ಸಿನ್ ಶಾಸನಸಭೆ ಕಾನೂನನ್ನೇ ಬದಲಿಸಿ ಅಂಥ ಮಾಲೀಕರಿಗೆ ಅನುಕೂಲ ಮಾಡಿಕೊಟ್ಟಿತು. ತುಕಡಾವನ್ನು ನೆರೆಯವನಿಗೇ ಮಾರು ಎಂದ 1947ರ ಮುಂಬೈ ಕಾಯ್ದೆಯೂ, ಹೊಂದಿದ ಎರಡು ಜಾಗ ಒಂದೇ ಎಂದ ವಿಸ್ಕಾನ್ಸಿನ್ ನಿಯಮವೂ ಬೇರೆ ಬೇರೆ ಭೂಖಂಡದಲ್ಲಿ ಹುಟ್ಟಿದ ಒಂದೇ ಯೋಚನೆಯ ಮಕ್ಕಳು. ಎರಡಕ್ಕೂ ಆದ ಗತಿಯೂ ಹೆಚ್ಚುಕಡಿಮೆ ಒಂದೇ.

ವಿನಾಯಿತಿಯ ಆ ಕಿಟಕಿಯನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಕೆಂಟಕಿಯ ಲೆಕ್ಸಿಂಗ್ಟನ್ ನಗರದ ಸಮಿತಿಯ ಕಡತಗಳನ್ನು ಬಿಚ್ಚಿ ನೋಡಿದ 1962ರ ಒಂದು ಪ್ರಸಿದ್ಧ ಅಧ್ಯಯನಕ್ಕೆ ಕಂಡದ್ದು ದುರಾಡಳಿತ: ಕೇಳಿದವರಲ್ಲಿ ಹೆಚ್ಚಿನವರಿಗೆ ಸಿಗುತ್ತಿತ್ತು, ಕಾರಣ ಬರೆಯುವ ಗೊಡವೆ ಇರಲಿಲ್ಲ. ನಮ್ಮಲ್ಲಿ ಇಂಥ ಸಮಿತಿ ತಾಲ್ಲೂಕಿಗೊಂದು ಬಂದರೆ ಯಾರು ಬಾಗಿಲಲ್ಲಿ ಕಾಯುತ್ತಾರೆ, ಯಾರು ಒಳಗೆ ಚಹಾ ಕುಡಿಯುತ್ತಾರೆ ಎಂಬುದನ್ನು ಊಹಿಸಲು ಬಹಳ ಬುದ್ಧಿ ಬೇಕಿಲ್ಲ.

ಆದರೆ ಈಗ ನಮ್ಮಲ್ಲಿ ಇರುವುದೇನು? ಕಟ್ಟಿದ ನಂತರದ ಕ್ಷಮೆ. ನಗರ ಯೋಜನಾ ಕಾಯ್ದೆಗೆ 76-ಎಫ್‌ಎಫ್ ಎಂಬ ಕಲಮು ಸೇರಿಸಿ, 2014ರಲ್ಲಿ ನಿಯಮ ಮಾಡಿ ‘ಅಕ್ರಮ-ಸಕ್ರಮ’ ತಂದರು. 2013ರ ಅಕ್ಟೋಬರ್ 19ರ ಒಳಗೆ ಕಟ್ಟಿದ್ದರೆ, ಉಲ್ಲಂಘನೆ ವಾಸದ ಮನೆಗೆ ಶೇ 50, ವಾಣಿಜ್ಯಕ್ಕೆ ಶೇ 25ರ ಒಳಗಿದ್ದರೆ ಶುಲ್ಕ ಕಟ್ಟಿ ಸಕ್ರಮ. ಹೈಕೋರ್ಟು 2016ರ ಡಿಸೆಂಬರಿನಲ್ಲಿ ಒಪ್ಪಿತು, ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ತಡೆ ಕೊಟ್ಟಿತು. ಪಕ್ಕದ ಮಹಾರಾಷ್ಟ್ರದಲ್ಲಿ ಇದಕ್ಕೆ ‘ಗುಂಠೇವಾರಿ’ ಕಾಯ್ದೆಯೆಂದೇ ಹೆಸರು. ಗುಂಟೆ ಲೆಕ್ಕದಲ್ಲಿ ಮಾರಿದ ಜಾಗಗಳನ್ನು ಸಕ್ರಮ ಮಾಡಲು 2001ರಲ್ಲಿ ತಂದಾಗ ಗಡುವು 2001ರ ಜನವರಿ 1 ಆಗಿತ್ತು. 2021ರಲ್ಲಿ ಅದನ್ನು 2020ರ ಕೊನೆಗೆ ತಂದು ನಿಲ್ಲಿಸಿದರು. ಇಪ್ಪತ್ತು ವರ್ಷ ತುಂಡು ಮಾಡಿ ಮಾರಿದವರೆಲ್ಲ ತಾಳ್ಮೆಯಿಂದ ಕಾದವರೆಂದೇ ಹೇಳಬೇಕು. ನಮ್ಮಲ್ಲಿ 2025ರಲ್ಲಿ ಪಟ್ಟಣಗಳಿಗೆ ‘ಬಿ-ಖಾತಾ’ ಅಭಿಯಾನ ಬಂತು. 2024ರ ಸೆಪ್ಟೆಂಬರ್ 10ರೊಳಗೆ ನೋಂದಣಿಯಾದ ಅನಧಿಕೃತ ಸೈಟುಗಳಿಗೂ ಖಾತೆ. ನವಲಗುಂದ, ಅಣ್ಣಿಗೇರಿ ಪುರಸಭೆಗಳ ಮುಂದೆ, ಕುಂದಗೋಳ, ಕಲಘಟಗಿ ಪಟ್ಟಣ ಪಂಚಾಯ್ತಿಗಳ ಮುಂದೆ ಜನ ಕಾಗದ ಹಿಡಿದು ನಿಂತರು. ಹಳ್ಳಿಗಳಿಗೂ ಇಂಥದೇ ದಾರಿ ತೆರೆಯುವ ತಿದ್ದುಪಡಿ ಪಂಚಾಯತ್ ರಾಜ್ ಕಾಯ್ದೆಗೆ ಅದೇ ವರ್ಷ ಆಯಿತು. ಬಡವರಿಗೆ ಇದರಿಂದ ಉಪಕಾರ ಆಗಿಲ್ಲವೆಂದಲ್ಲ. ಗುಡಿಸಲಿಗೆ ನಂಬರು ಸಿಗುವುದು ಸಣ್ಣ ಮಾತಲ್ಲ. ಆದರೆ ಕ್ಷಮೆ ಸಗಟಾಗಿ ಸಿಗುವಾಗ ಯಾರ ತಪ್ಪು ಯಾವ ಕಾರಣಕ್ಕೆ ಆಯಿತು ಎಂಬ ವಿಚಾರಣೆಯೇ ಇರುವುದಿಲ್ಲ. ಕಾಯ್ದೆ ನಂಬಿ ಕಟ್ಟದೆ ಕೂತವನು ಮಾತ್ರ ಪೆದ್ದನಾಗುತ್ತಾನೆ.

ಕ್ಷಮೆ ಸಿಗದೆ ಹೋದಾಗ ಏನಾಗುತ್ತದೆ ಎಂಬುದಕ್ಕೆ ಹಂಪಿಯ ಎದುರು ದಂಡೆಯ ವಿರುಪಾಪುರ ಗಡ್ಡೆ ಇದೆ. ಚಳಿಗಾಲದ ಪ್ರವಾಸಿಗರಿಗಾಗಿ ಭತ್ತದ ಗದ್ದೆಗಳ ಅಂಚಿನಲ್ಲಿ ಎದ್ದ ರೆಸಾರ್ಟುಗಳು, ಗುಡಿಸಲುಗಳು ಕೃಷಿ ಜಮೀನಿನಲ್ಲಿ, ಸ್ಮಾರಕ ಸಂರಕ್ಷಣೆಯ ವಲಯದಲ್ಲಿ ನಿಂತಿದ್ದವು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ತೆರವನ್ನು ಎತ್ತಿಹಿಡಿಯಿತು, ಮಾರ್ಚಿನಲ್ಲಿ ಜೆಸಿಬಿಗಳು ಹೋದವು. ಅಲ್ಲಿ ದೊಡ್ಡ ರೆಸಾರ್ಟೂ ಇತ್ತು, ಹೊಲದವನೇ ನಾಲ್ಕು ಕೋಣೆ ಹಾಕಿಕೊಂಡದ್ದೂ ಇತ್ತು. ಜೆಸಿಬಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಗೊತ್ತು ಮಾಡಬೇಕಾದ ಹಂತ ಮೊದಲೇ ದಾಟಿ ಹೋಗಿತ್ತು.

ಹಾಗಾದರೆ ಕನಿಷ್ಠ ಅಳತೆಯೇ ಬೇಡವೇ? ಬೇಕು, ಮತ್ತು ಅದರ ಕಾರಣ ನೆಲದ ಮೇಲಿಗಿಂತ ನೆಲದ ಕೆಳಗಿದೆ. ಒಳಚರಂಡಿ ಇಲ್ಲದ ಕಡೆ ಪ್ರತಿ ಮನೆಯೂ ತನ್ನ ಹೊಲಸನ್ನು ತನ್ನ ಜಾಗದಲ್ಲೇ ಇಂಗಿಸಬೇಕು. ನವಲಗುಂದ, ಅಣ್ಣಿಗೇರಿಯ ಎರೆಯಲ್ಲಿ ಇಂಗುಗುಂಡಿ ತೋಡಿದವರನ್ನು ಕೇಳಿ. ಬೇಸಿಗೆಯಲ್ಲಿ ನೆಲ ಕೈ ಹೋಗುವಷ್ಟು ಬಿರಿದಿರುತ್ತದೆ, ಸುರಿದ ನೀರೆಲ್ಲ ಬಿರುಕಿನಲ್ಲಿ ಮಾಯ. ಎರಡು ಮಳೆ ಬಿದ್ದರೆ ಅದೇ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ, ಗುಂಡಿ ತುಂಬಿ ಅಂಗಳಕ್ಕೆ ಬರುತ್ತದೆ. ಪಾಯದ ಗೋಡೆ ಮೂಲೆಯಲ್ಲಿ ಸೀಳುತ್ತದೆ. ಅಲ್ಲಿನ ಬೋರಿನ ನೀರು ಬಹಳ ಕಡೆ ಸವುಳು. ಊರು ಕುಡಿಯುವುದು ಕೆರೆಯ ನೀರು, ಮಲಪ್ರಭೆಯ ಕಾಲುವೆಯಿಂದ ತುಂಬಿಸಿಟ್ಟದ್ದು. ಕೆರೆಯ ಏರಿಯ ಹಿಂದೆ ಐದು ಗುಂಟೆಗೊಂದು ಇಂಗುಗುಂಡಿ ಬಂದರೆ ಅದರ ಬೆಲೆ ತೆರುವವರು ಪ್ಲಾಟಿನವರಲ್ಲ. ಬೆಣ್ಣಿಹಳ್ಳದ ದಂಡೆಯದು ಇನ್ನೊಂದು ಕತೆ. ವರ್ಷದ ಬಹುಪಾಲು ಒಣಗಿದಂತಿದ್ದು, ಮೇಲೆ ಎಲ್ಲೋ ಮಳೆಯಾದರೆ ರಾತ್ರಿ ಬೆಳಗಾಗುವುದರೊಳಗೆ ಕುಂದಗೋಳ, ನವಲಗುಂದದ ಹೊಲಗಳ ಮೇಲೆ ಹರಡಿಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ಜಾಗ ನೋಡಿದವನಿಗೆ ಅಲ್ಲಿ ತಂಪು ಗಾಳಿ, ಜಾಲಿಯ ನೆರಳು ಮಾತ್ರ ಕಾಣುತ್ತದೆ.

ಕಲಘಟಗಿಯ ಕಡೆ ಮಣ್ಣು ಬೇರೆ. ಕೆಂಪು, ಜಂಬಿಟ್ಟಿಗೆ ಬೆರೆತ ನೆಲ. ನೀರು ಬೇಗ ಇಂಗುತ್ತದೆ, ಅಷ್ಟೇ ಬೇಗ ಪಕ್ಕದ ಬಾವಿಗೆ ಹೋಗುತ್ತದೆ. ಅಲ್ಲಿನ ನೀರಸಾಗರ ಅವಳಿ ನಗರಕ್ಕೆ ದಶಕಗಳ ಕಾಲ ನೀರು ಕೊಟ್ಟ ಕೆರೆ. ಬರಗಾಲದ ವರ್ಷಗಳಲ್ಲಿ ಬತ್ತಿ ನಿಂತದ್ದೂ ಉಂಟು. ಅದಕ್ಕೆ ನೀರು ಹರಿದುಬರುವ ಇಳಿಜಾರಿನ ಹೊಲಗಳೇ ವಾರಾಂತ್ಯದ ಮನೆಗೆ ಚೆಂದದ ಹೊಲಗಳು ಕೂಡ. ವರ್ಷದಲ್ಲಿ ಇಪ್ಪತ್ತು ದಿನ ಬರುವವರ ಮನೆಯಿಂದ ಏನು ಮಹಾ ಹಾನಿ ಎನ್ನಬಹುದು. ಆ ಇಪ್ಪತ್ತು ದಿನ ಎಲ್ಲರೂ ಒಟ್ಟಿಗೆ ಬರುತ್ತಾರೆ, ಬರುವುದು ಹೆಚ್ಚಾಗಿ ಮಳೆಗಾಲದಲ್ಲಿ, ಮತ್ತು ಪ್ರತಿಯೊಬ್ಬರೂ ಬೋರು ಕೊರೆಸಿರುತ್ತಾರೆ. ಋತುಮಾನದ ಮನೆಗೆ ಋತುಮಾನದ ನಿಯಮ ಬೇಕೆನ್ನುವ ವಾದ ಇಲ್ಲಿ ತಲೆಕೆಳಗಾಗುತ್ತದೆ. ಖಾಯಂ ವಾಸದ ರೈತ ತನ್ನ ಬಾವಿಯ ನೀರು ತಾನೇ ಕುಡಿಯುತ್ತಾನೆ, ಆದ್ದರಿಂದ ಗುಂಡಿ ಎಲ್ಲಿ ತೋಡಬೇಕೆಂದು ಅವನಿಗೆ ಗೊತ್ತು. ಕ್ಯಾನ್ ನೀರು ಹೊತ್ತು ಬರುವವನಿಗೆ ಆ ಭಯವಿಲ್ಲ.

ಊರೊಳಗಿನ ಗಾಂವಠಾಣದ್ದು ಇದೆಲ್ಲಕ್ಕಿಂತ ಹಳೆಯ, ಯಾರೂ ಜಾಹೀರಾತು ಕೊಡದ ಇಕ್ಕಟ್ಟು. ಕುಂದಗೋಳದಲ್ಲೋ ಅಣ್ಣಿಗೇರಿಯಲ್ಲೋ ಒಂದು ಹಳೆಯ ವಾಡೆ ನಾಲ್ಕು ಪಾಲಾದರೆ ಉದ್ದಕ್ಕೆ ಸೀಳುತ್ತಾರೆ, ಏಕೆಂದರೆ ಎಲ್ಲರಿಗೂ ಬೀದಿಯ ಕಡೆ ಒಂದು ಬಾಗಿಲು ಬೇಕು. ಒಂಬತ್ತು ಅಡಿ ಅಗಲ, ಅರವತ್ತು ಅಡಿ ಉದ್ದದ ಓಣಿಯಂಥ ಮನೆ. ಪಕ್ಕದಲ್ಲಿ ಒಂದಡಿ ಬಿಡಲೂ ಜಾಗವಿಲ್ಲ. ಮಣ್ಣಿನ ಗೋಡೆ ಕೆಡವಿ ಆರ್‌ಸಿಸಿ ಹಾಕಲು ಹೋದರೆ ಸುತ್ತ ಬಿಡಬೇಕಾದ ಜಾಗದ ನಿಯಮ ಎದುರು ನಿಲ್ಲುತ್ತದೆ. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಸುಣ್ಣದ ಗೆರೆ ಎಳೆದು, ಡ್ರೋನ್ ಹಾರಿಸಿ ಊರೊಳಗಿನ ಮನೆಗಳ ನಕಾಶೆ ಮಾಡುತ್ತಿದ್ದಾರೆ. ಒಳ್ಳೆಯ ಕೆಲಸವೇ. ಡ್ರೋನಿಗೆ ಮೇಲಿನಿಂದ ಒಂದು ಮಾಳಿಗೆ ಕಾಣುತ್ತದೆ; ಅದರಡಿಯ ನಾಲ್ಕು ಒಲೆ ಕಾಣುವುದಿಲ್ಲ. ಸಣ್ಣ ಜಾಗದ ವಿನಾಯಿತಿ ಎಲ್ಲಕ್ಕಿಂತ ಮೊದಲು ಸಲ್ಲಬೇಕಾದದ್ದು ಇಂಥ ಮನೆಗೆ.

ಹೀಗಿರುವಾಗ ಎರಡು ಸಣ್ಣತನಗಳನ್ನು ಬೇರ್ಪಡಿಸುವುದು ಕಷ್ಟವೇ? ನನಗೆ ಹಾಗೆ ತೋರುವುದಿಲ್ಲ. ಕಾಗದದಲ್ಲೇ ಗುರುತು ಇದೆ. ಡೈರಿ (ಹಕ್ಕು ಬದಲಾವಣೆ) ನಂಬರು ತೆಗೆದು ನೋಡಿದರೆ ಜಾಗ ವಾರಸಾದಿಂದ, ವಾಟಣಿಯಿಂದ ಸಣ್ಣದಾಯಿತೋ, ಖರೀದಿಯಿಂದ ಆಯಿತೋ, ಯಾವ ಇಸವಿಯಲ್ಲಿ ಆಯಿತು ಎಂಬುದೆಲ್ಲ ತಿಳಿಯುತ್ತದೆ. ಒಂದೇ ವರ್ಷದಲ್ಲಿ ಒಂದೇ ಸರ್ವೇ ನಂಬರಿನಿಂದ ನಲವತ್ತು ಖರೀದಿ ಡೈರಿ ಬಿದ್ದಿದ್ದರೆ ಅದು ವಿನ್ಯಾಸವೇ, ಹೆಸರು ಏನೇ ಇಟ್ಟಿರಲಿ. ಅದಕ್ಕೆ ವಿನ್ಯಾಸದ ನಿಯಮವೇ ಲಾಗೂ ಆಗಬೇಕು: ರಸ್ತೆ, ಒಟ್ಟಾದ ಚರಂಡಿ, ಒಟ್ಟಾದ ನೀರು. ಅದು ಆಗದಿದ್ದರೆ ಹೊಲ ಹೊಲವಾಗಿಯೇ ಇರಲಿ. ವಾರಸಾದಿಂದ ಬಂದ ಮೂರು ಗುಂಟೆಗೆ ರಸ್ತೆಯ ಅಗಲದಲ್ಲಿ, ಬಿಡುವ ಜಾಗದಲ್ಲಿ ರಿಯಾಯಿತಿ ಕೊಡಬಹುದು. ಇಂಗುಗುಂಡಿ ಮತ್ತು ಬಾವಿಯ ನಡುವಿನ ಅಂತರದಲ್ಲಿ ಮಾತ್ರ ಯಾರಿಗೂ ಕೊಡಬಾರದು. ನೀರಸಾಗರದ ಜಲಾನಯನದಲ್ಲಿ, ಕುಡಿಯುವ ನೀರಿನ ಕೆರೆಗಳ ಹಿನ್ನೆಲದಲ್ಲಿ, ಬೆಣ್ಣಿಹಳ್ಳ ಹರಡುವ ಪಟ್ಟಿಯಲ್ಲಿ ಶುಲ್ಕ ಎಷ್ಟೇ ಇರಲಿ ಬಾಗಿಲು ಮುಚ್ಚಿರಬೇಕು. ಇದರಲ್ಲಿ ವಂಚನೆಗೆ ದಾರಿ ಇಲ್ಲವೇ? ಇದೆ. ಅಣ್ಣತಮ್ಮಂದಿರ ಹೆಸರಿನಲ್ಲಿ ಸುಳ್ಳು ವಾಟಣಿ ಮಾಡಿಸಿ ಮರುವರ್ಷ ಮಾರುವವರು ಹುಟ್ಟುತ್ತಾರೆ. ರಿಯಾಯಿತಿ ಪಡೆದ ಮನೆಯನ್ನು ಇಂತಿಷ್ಟು ವರ್ಷ ಮಾರಕೂಡದೆಂಬ ಷರತ್ತು ಹಾಕಿ ಅದನ್ನು ಉತಾರದ ಹನ್ನೊಂದನೇ ಕಾಲಂನಲ್ಲಿ ಬರೆದರೆ ಅರ್ಧ ಜನ ಅಲ್ಲೇ ನಿಲ್ಲುತ್ತಾರೆ.

ತಾಲ್ಲೂಕಿನಲ್ಲಿ ಭೂಮಾಪಕರೇ ಸಾಕಷ್ಟಿಲ್ಲ, ಇದನ್ನೆಲ್ಲ ಯಾರು ನೋಡಬೇಕು ಎಂಬ ಆಕ್ಷೇಪ ನ್ಯಾಯವಾದದ್ದು. ಪೋಡಿಗೆ ಅರ್ಜಿ ಹಾಕಿ ವರ್ಷ ಕಾದವರು ಪ್ರತಿ ಊರಲ್ಲೂ ಸಿಗುತ್ತಾರೆ. ಹೊಸ ಸಮಿತಿ, ಹೊಸ ಕಟ್ಟಡ, ಹೊಸ ಹುದ್ದೆ ಬರುವವರೆಗೆ ಕಾಯುವುದಾದರೆ ಕಾರವಾರ ರಸ್ತೆಯ ಎರಡೂ ಬದಿ ಸುಣ್ಣದ ಕಲ್ಲು ನೆಟ್ಟು ಮುಗಿದಿರುತ್ತದೆ. ಆದರೆ ಇದರಲ್ಲಿ ಒಂದು ಭಾಗಕ್ಕೆ ಯಾವ ಹುದ್ದೆಯೂ ಬೇಕಿಲ್ಲ. ಇವತ್ತಿಗೂ ಡೈರಿ ಮಂಜೂರಾಗುವ ಮೊದಲು ತಕರಾರಿಗೆ ದಿನ ಕೊಟ್ಟು ನೋಟಿಸು ಹಚ್ಚುತ್ತಾರೆ. ತಕರಾರು ಬಂದರೆ ಡೈರಿ ನಿಲ್ಲುತ್ತದೆ. 64ನೇ ಪ್ರಕರಣದಡಿ ಮನೆ ಕಟ್ಟಲು ಬರುವ ಅರ್ಜಿಗೂ ಅದೇ ಹಲಗೆಯ ಮೇಲೆ ಒಂದು ನೋಟಿಸು ಹಚ್ಚಿ, ಬದುವಿನ ನಾಲ್ಕೂ ಕಡೆಯವರಿಗೆ ಮತ್ತು ಅದೇ ಬಾವಿಯ ನೀರು ಕುಡಿಯುವವರಿಗೆ ತಿಳಿಸಿ, ಗ್ರಾಮಸಭೆಯಲ್ಲಿ ಓದಿ, ಏಕೆ ಕೊಟ್ಟೆವು ಅಥವಾ ಏಕೆ ಕೊಡಲಿಲ್ಲ ಎಂಬುದನ್ನು ಠರಾವಿನಲ್ಲಿ ನಾಲ್ಕು ಸಾಲು ಬರೆಯಲು ಪಂಚಾಯ್ತಿಗೆ ಬೇಕಾದದ್ದು ಒಂದು ಹಾಳೆ ಮತ್ತು ಅಂಟು.